ಕಪ್ಪು ಬಾಗಿಲಿನ ಹುಡುಗಿಗೆ ಬುದ್ಧಿ ಬಂದ ದಿನ

ಒಂದು ಊರಿತ್ತಂತೆ, ಆ ಊರಿನಲ್ಲಿ ಒಬ್ಬಳು ಅಜ್ಜಿಯಿದ್ದಳಂತೆ. ಅವಳು ಸಾಯುವುದಕ್ಕೆ ಎಲ್ಲ ವಿಧದಲ್ಲೂ ತಯಾರಾಗಿದ್ದಳು; ಪುರುಸೊತ್ತು ಒಂದು ಇರಲಿಲ್ಲ. ಕೇಳುತ್ತಿದ್ದ ಕತೆ ಇನ್ನೂ ಮುಗಿದಿರಲಿಲ್ಲ.

ಕತೆಯ ವಿಷಯದಲ್ಲಿ ಅಜ್ಜಿಯ ಮನೆಯಲ್ಲಿ ಇದ್ದದ್ದು ಒಂದೇ ಕಾನೂನು: ಕೇಳುವವರು ಹೂಂಗುಟ್ಟುತ್ತಿರಬೇಕು. ಹೂಂ ನಿಂತಿತೋ, ಕತೆಯೂ ಅಲ್ಲಿಗೇ ನಿಂತಿತು. ರಾಜಕುಮಾರಿ ಬೆಟ್ಟದ ನೆತ್ತಿಯಲ್ಲಿ ಒಂದು ಕಾಲೆತ್ತಿ ನಿಂತಿದ್ದರೂ ಸರಿಯೆ, ಮರುದಿನದವರೆಗೆ ಹಾಗೆಯೇ ನಿಂತಿರಬೇಕು. ತಾಯಿಯನ್ನು ಕಳೆದುಕೊಂಡು ಅಜ್ಜಿಯ ಮಗ್ಗುಲಿಗೆ ಬಂದು ಬಿದ್ದ ಮೊಮ್ಮಗಳು, ಆ ರಾಜಕುಮಾರಿಯರ ಕಾಲುನೋವನ್ನು ನೆನೆದೇ ನಿದ್ದೆಯಲ್ಲೂ ಹೂಂ ಎನ್ನುತ್ತಿದ್ದಳು. ಅಜ್ಜಿ ಅವಳನ್ನು ಹೂಂಕಾರಿ ಎಂದು ಕರೆದಳು. ಹೆಸರು ಅಂಟಿಕೊಂಡಿತು. ಹೂಂ ಅದಕ್ಕಿಂತ ಗಟ್ಟಿಯಾಗಿ ಅಂಟಿಕೊಂಡಿತು.

ಬೆಳೆದು ದೊಡ್ಡವಳಾಗಿ ಬೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೂ ಹೂಂಕಾರಿಯ ಬಾಯಲ್ಲಿ ಇನ್ನೊಂದು ಉತ್ತರ ಹುಟ್ಟಲಿಲ್ಲ. ಚಪ್ಪಲಿ ಅಂಗಡಿಯವನು ಬಿಗಿಯಾದ ಜೋಡಿಯನ್ನು ತೊಡಿಸಿ "ಸರಿಹೋಯ್ತಲ್ಲ?" ಎಂದರೆ ಹೂಂ, ಆಮೇಲೆ ಇಡೀ ವರ್ಷ ಕುಂಟು. ಕೆಳಮನೆಯ ಟೈಲರಮ್ಮ ಬಾಗಿಲಲ್ಲಿ ನಿಂತು "ಸಕ್ಕರೆ ಇದೆಯೇನೇ?" ಎಂದರೆ, ಡಬ್ಬಿ ಬೋಳಾಗಿದ್ದರೂ ಹೂಂ ಎಂದು, ಹಿಂಬದಿಯ ಮೆಟ್ಟಿಲಿಳಿದು ಅಂಗಡಿಗೆ ಓಡಿ, ತಂದು, ಏದುಸಿರನ್ನು ಮುಚ್ಚಿಟ್ಟುಕೊಂಡು ಲೋಟದಲ್ಲಿ ಅಳೆದು ಕೊಡುತ್ತಿದ್ದಳು. ಇಲ್ಲ ಎನ್ನುವುದಕ್ಕಿಂತ ಓಡುವುದು ಅವಳಿಗೆ ಸುಲಭ.

ಈಗ ಅಜ್ಜಿ ಹಾಸಿಗೆ ಹಿಡಿದಿದ್ದಳು, ಕಣ್ಣಿಗೆ ಪೊರೆ ಬಂದಿತ್ತು. ಓದುವುದು ಮೊಮ್ಮಗಳ ಪಾಲು, ಹೂಂಗುಟ್ಟುವುದು ಅಜ್ಜಿಯ ಪಾಲು ಎಂದಾಗಿತ್ತು. ಹೂಂಕಾರಿಯ ಅಂಗಡಿಯಲ್ಲಿ ಆ ವರ್ಷಗಳಲ್ಲಿ ಕಟ್ಟುತ್ತಿದ್ದದ್ದು, ಹದಿಹರೆಯದವರಿಗೆಂದು ಬರೆದ ಒಂದು ಮಾಯಾಲೋಕದ ಕತೆ, ಐದು ಸಂಪುಟಗಳದ್ದು. ಒಬ್ಬ ಹುಡುಗಿ ಇದ್ದಾಳೆ. ಲೋಕದ ತುದಿಯಲ್ಲಿ ಒಂದು ಕಪ್ಪು ಬಾಗಿಲಿದೆ. ಅದನ್ನು ತೆರೆಯಲು ಅವಳೊಬ್ಬಳಿಂದಲೇ ಸಾಧ್ಯ. ಪ್ರತಿ ಸಂಪುಟದ ಕೊನೆಗೂ ಅವಳು ಬಾಗಿಲ ಮುಂದೆ ಬಂದು ನಿಲ್ಲುತ್ತಾಳೆ, ಕೈ ನಡುಗುತ್ತದೆ, ಕತ್ತಿ ಬೀಳುತ್ತದೆ, ಅವಳೂ ಬೀಳುತ್ತಾಳೆ. ಕೆನ್ನೆಯ ಮೇಲೆ ಗಾಯದ ಗುರುತಿರುವ ಒಬ್ಬ ರಾಜಕುಮಾರ ಬಂದು ಎತ್ತಿಕೊಂಡು ಹೋಗುತ್ತಾನೆ. ಮಡಿಕೆ ಕೆಟ್ಟ ಹಾಳೆಗಳನ್ನು ಹೂಂಕಾರಿ ಮನೆಗೆ ತಂದು ಓದುತ್ತಿದ್ದಳು. ಮೊದಮೊದಲು ಅಜ್ಜಿಗೆ ಆ ಹುಡುಗಿಯ ಮೇಲೆ ಪ್ರಾಣವೇ ಇತ್ತು. ಆಮೇಲೆ ಅದು ಪ್ರಾಣಸಂಕಟವಾಯಿತು.

"ಮೊದಲನೇ ಪುಸ್ತಕದಲ್ಲಿ ಬಾಗಿಲ ಮುಂದೆ ಅತ್ತಳು. ಸರಿ, ಚಿಕ್ಕ ಹುಡುಗಿ," ಎಂದು ಅಜ್ಜಿ ಲೆಕ್ಕ ಒಪ್ಪಿಸುತ್ತಿದ್ದಳು. "ಎರಡನೇದ್ರಲ್ಲೂ ಅತ್ತಳು. ಹೋಗ್ಲಿ, ಅಪ್ಪ ಸತ್ತಿದ್ದ. ಮೂರನೇದ್ರಲ್ಲಿ ಕತ್ತಿ ಬಂತು, ಕುದುರೆ ಬಂತು, ಮಾತಾಡೋ ಗೂಬೆ ಬಂತು. ಬುದ್ಧಿ? ಅದು ಗೂಬೆಗೆ ಬಂತು, ಇವಳಿಗೆ ಬರಲಿಲ್ಲ. ನನ್ನ ಕತೇಲಿ ರಾಜಕುಮಾರಿ ಮನೆ ಬಿಟ್ಟು ಮೂರು ಹೊಳೆ ದಾಟೋ ಹೊತ್ತಿಗೆ ಮೊಸಳೆ ಜೊತೆ ಚೌಕಾಸಿ ಮಾಡೋದು ಕಲ್ತಿರ್ತಾಳೆ. ಇವಳು ನಾಲ್ಕು ಪುಸ್ತಕ ನಡೆದು 'ನಾನೀಗ ಏನು ಮಾಡಲಿ' ಅಂತಾಳೆ. ಎತ್ಕೊಂಡು ಎತ್ಕೊಂಡು ಆ ಹುಡುಗನಿಗಾದ್ರೂ ಸೊಂಟ ನೋವು ಬರಬಾರದಾ?"

ಹೀಗೆ ಹೇಳುವಾಗ ಅಜ್ಜಿಯ ಪೊರೆಗಣ್ಣು ಪುಸ್ತಕದ ಕಡೆ ಇರುತ್ತಿರಲಿಲ್ಲ, ಓದುತ್ತಿದ್ದವಳ ಕಡೆ ಇರುತ್ತಿತ್ತು.

ಕಾರಣವಿತ್ತು. ಅಜ್ಜಿಯ ಮಗ, ಅಂದರೆ ಹೂಂಕಾರಿಯ ಮಾವ, ರಜೆ ಹಾಕಿ ಹೆಂಡತಿಯೊಂದಿಗೆ ಬಂದು ಕೂತಿದ್ದ. ಅತ್ತೆಯ ತಾಯಿ ಅವರ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ನೋಡಿಕೊಳ್ಳಲು ಒಬ್ಬರು ಬೇಕಿತ್ತು. "ಅಮ್ಮನದು ಒಂದು ಮುಗಿದ್ರೆ ನೀನು ನಮ್ಮ ಜೊತೆ ಬಂದುಬಿಡು. ಇಲ್ಲಿ ಒಬ್ಳೇ ಏನು ಮಾಡ್ತೀಯ?" ಎಂದಿದ್ದ. ಹೂಂಕಾರಿಗೆ ಆ ಎರಡು ಕೋಣೆಯ ಮನೆ, ಕಾಗದದ ಹಸಿ ವಾಸನೆಯ ಆ ಅಂಗಡಿ, ಸಂಜೆ ಕಿಟಕಿಯಲ್ಲಿ ಕೂತು ಏನನ್ನೋ ಕನಸುವ ಆ ಒಂದು ಗಳಿಗೆ, ಇಷ್ಟನ್ನು ಬಿಟ್ಟರೆ ಬೇರೆ ಆಸ್ತಿಯಿರಲಿಲ್ಲ. ಆದರೂ ಅವಳು ಏನೆಂದಳು ಎಂದು ಹೇಳಬೇಕಾಗಿಲ್ಲ.

ಅದನ್ನು ಕೇಳಿಸಿಕೊಂಡ ಸಂಜೆಯೇ ಅಜ್ಜಿ ಅವಳ ಕೈ ಹಿಡಿದಳು.

"ಎರಡು ಮಾತು ಕೊಡು. ಕೊನೇ ಪುಸ್ತಕನ ಕೊನೇ ಸಾಲಿನವರೆಗೆ ಓದಬೇಕು. ಆ ಹುಡುಗಿ ಬಾಗಿಲು ತೆಗೆದಳೋ ಬಿಟ್ಟಳೋ ಕೇಳಿಯೇ ನಾನು ಹೋಗೋದು."

"ಹೂಂ."

"ಆಮೇಲೆ ನೀನೊಂದು ಸಲ ಇಲ್ಲ ಅನ್ಬೇಕು. ನಿಮ್ಮ ಮಾವನಿಗೇ ಅಂತಲ್ಲ, ಯಾರಿಗಾದ್ರೂ ಸರಿ. ನಿನ್ನ ಬಾಯಲ್ಲಿ ಆ ಮಾತು ಒಂದು ಸಲ ಬರಲಿ."

"ಹೂಂ."

"ಎಲ್ಲಿ, ಈಗಲೇ ಅನ್ನು ನೋಡೋಣ."

ಹೂಂಕಾರಿ ಉಸಿರು ಎಳೆದುಕೊಂಡಳು, ಬಾಯಿ ತೆರೆದಳು, ಕತ್ತಿನ ನರ ಉಬ್ಬಿತು. "ಹೂಂ," ಎಂದಳು.

ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದಳು. "ಆ ಪುಸ್ತಕ ಬರೆದೋರನ್ನ ಅಂದು ಏನು ಬಂತು. ನಾನು ಬೆಳೆಸಿದ್ದೂ ಹಾಗೇ ಉಳೀತು."

ಐದನೆಯ ಸಂಪುಟವೂ ಹಾಳೆ ಹಾಳೆಯಾಗಿ ಮನೆಗೆ ಬಂದು ಓದಿ ಮುಗಿದಿತ್ತು, ಕೊನೆಯ ಫಾರಂ ಒಂದನ್ನು ಬಿಟ್ಟು. ಫಾರಂ ಎಂದರೆ ಒಂದೇ ದೊಡ್ಡ ಹಾಳೆಯನ್ನು ಮಡಚಿ ಮಡಚಿ ಮಾಡಿದ ಪುಟಗಳ ಕಟ್ಟು. ಅಂಥವನ್ನು ಒಂದರ ಮೇಲೊಂದು ಜೋಡಿಸಿ ಹೊಲಿದರೆ ಪುಸ್ತಕ. ಅಂತ್ಯದ ಗುಟ್ಟು ಬಯಲಾಗಬಾರದೆಂದು ಕೊನೆಯ ಫಾರಮ್ಮಿನ ರಾಶಿ ಮಾತ್ರ ಕಾಗದ ಸುತ್ತಿಕೊಂಡು ಅಂಗಡಿಗೆ ಬಂದಿತ್ತು. ಪುಸ್ತಕ ಮಾರಾಟಕ್ಕೆ ಬರುವ ದಿನದವರೆಗೆ ಯಾರೂ ಒಂದು ಪ್ರತಿಯನ್ನೂ ಮುಟ್ಟುವಂತಿರಲಿಲ್ಲ.

ಆ ದಿನ ಬಂತು. ಅದೇ ದಿನ ಬೆಳಿಗ್ಗೆ ಡಾಕ್ಟರ್ ಕೂಡ ಬಂದರು, ನಾಡಿ ಹಿಡಿದರು, ಕಣ್ಣು ಬಿಡಿಸಿ ನೋಡಿದರು, ಹೊರಗಿನ ಕೋಣೆಗೆ ಬಂದು ಕನ್ನಡಕ ಒರೆಸಿದರು.

"ಸುಮಾರು ಎಷ್ಟು ಹೊತ್ತಿಗೆ ಅಂತ ಹೇಳಬಹುದಾ?" ಎಂದು ಮಾವ ಕೇಳಿದ, ಬಸ್ ನಿಲ್ದಾಣದ ವಿಚಾರಣೆಯ ಕಿಟಕಿಯಲ್ಲಿ ಬಗ್ಗಿ ಕೇಳುವವನಂತೆ.

"ಹಾಗೆಲ್ಲ ಹೇಳೋಕಾಗಲ್ಲ. ಇವತ್ತು. ತಪ್ಪಿದ್ರೆ ನಾಳೆ."

"ನಾಳೆಗೆ ನನ್ನ ರಜೆ ಮುಗಿಯುತ್ತಲ್ಲ."

ಒಳಗಿಂದ ಅಜ್ಜಿಯ ದನಿ ಬಂತು, ಒಣಗಿದ ಎಲೆ ಉರುಳಿದಂತೆ. "ಕತೆ ಕೇಳದೆ ನಾನು ಹೋಗಲ್ಲ ಅಂತ ಅವನಿಗೆ ಹೇಳೇ. ರಜೆ ಬೇಕಾದ್ರೆ ಮುಂದಕ್ಕೆ ಹಾಕಿಸ್ಕೊಳ್ಳಲಿ."

ಅತ್ತೆ ಆ ಹೊತ್ತಿಗೆ ಟೈಲರಮ್ಮನಿಂದ ಟೇಪು ಇಸಿದುಕೊಂಡು ಅಜ್ಜಿಯ ಬೀರುವಿನ ಅಗಲ ಅಳೆಯುತ್ತಿದ್ದಳು. ತಲೆಯೆತ್ತದೆ ಅಂದಳು, "ಹೋಗಮ್ಮ, ಬೇಗ ಆ ಪುಸ್ತಕ ತಂದು ಓದಿಬಿಡು. ಎಲ್ರಿಗೂ ಒಂದು ದಾರಿಯಾಗುತ್ತೆ."

ಮೆಟ್ಟಿಲಿಳಿಯುವಾಗ ಟೈಲರಮ್ಮ ಹೊಲಿಗೆ ಯಂತ್ರದ ಹಿಂದಿನಿಂದ, ದಿನವೂ ಕೇಳುವ ಪ್ರಶ್ನೆಯನ್ನು ದಿನವೂ ಕೇಳುವ ದನಿಯಲ್ಲಿ ಕೇಳಿದಳು. "ಅಜ್ಜಿ ಇದಾರೇನೇ?"

"ಹೂಂ."

"ಪಾಪ," ಎಂದಳು ಟೈಲರಮ್ಮ. ಯಾರಿಗೆ ಪಾಪ ಎಂಬುದನ್ನು ಅವಳು ಯಾವತ್ತೂ ಬಿಡಿಸಿ ಹೇಳಿದವಳಲ್ಲ.

ಬೈಂಡಿಂಗ್ ಅಂಗಡಿಯ ಮೇಸ್ತ್ರಿಗೆ ಎರಡು ಕೈಯೂ ಯಾವಾಗಲೂ ಗೋಂದಿನಲ್ಲಿ. ಹೀಗಾಗಿ ಅವನು ಏನನ್ನು ತೋರಿಸುವುದಿದ್ದರೂ ಗದ್ದದಿಂದ ತೋರಿಸುತ್ತಿದ್ದ. ಹೂಂಕಾರಿ ಹೋಗಿ ಅವನೆದುರು ನಿಂತಳು.

"ಮೇಸ್ತ್ರಿ, ಐದನೇ ಸಂಪುಟದ್ದು ಒಂದು ಕೆಟ್ಟ ಪ್ರತಿ ಸಿಕ್ಕಿದ್ರೆ..."

"ಅಜ್ಜಿಗಾ? ಕೊಡೋಣ, ಅದಕ್ಕೇನು. ರಟ್ಟು ತಲೆಕೆಳಗಾಗಿ ಅಂಟಿದ್ದು ಒಂದಿದೆ. ಅಷ್ಟರಲ್ಲಿ ಆ ಗೋಂದಿನ ಪಾತ್ರೆಗಳನ್ನ ತೊಳೆದುಬಿಡ್ತೀಯಾ?"

"ಹೂಂ."

ಪಾತ್ರೆ ತೊಳೆಯುವಲ್ಲಿಗೆ ಹೊಲಿಗೆಯಕ್ಕ ಬಂದಳು. "ತೊಳೆದಾದ ಮೇಲೆ ನನ್ನ ಸೂಜಿಗಳಿಗೆ ದಾರ ಪೋಣಿಸಿ ಕೊಡ್ತೀಯೇನೇ? ನನಗೆ ಕಣ್ಣು ಸಾಲದು." ಹೂಂ. ಪೋಣಿಸುತ್ತಿದ್ದಾಗ ಕತ್ತರಿಸುವ ಯಂತ್ರದ ಅಣ್ಣ ಬಂದ. "ಹೇಗೂ ಕೂತೇ ಇದೀಯ, ಈ ರದ್ದಿ ಮೂಟೆಗೆ ಸ್ವಲ್ಪ ಬಾಯಿ ಕಟ್ಟು." ಹೂಂ. ಮೂಟೆಯ ಬಾಯಿ ಕಟ್ಟುವಾಗ ಅದು ಉರುಳಿ, ತೊಳೆದ ಪಾತ್ರೆಗಳ ಪಕ್ಕದಲ್ಲಿ ತೊಳೆಯದೆ ಉಳಿದಿದ್ದ ಒಂದೇ ಪಾತ್ರೆಯನ್ನು ಹುಡುಕಿಕೊಂಡು ಹೋಗಿ ಗುದ್ದಿತು. ಗೋಂದು ಹೂಂಕಾರಿಯ ಸೊಂಟದಿಂದ ಕೆಳಕ್ಕೆ ಮಲಗಿದ ನಾಯಿಯಂತೆ ನಿಧಾನವಾಗಿ ಮೈಚಾಚಿಕೊಂಡಿತು.

ಆ ವೇಳೆಗೆ ಗೋಡೆಯ ಫೋನು ಬಡಿದುಕೊಂಡಿತು. ಮಾವ. "ಉಸಿರು ಎಳೀತಿದಾಳೆ. ಅದರ ಮಧ್ಯೆ 'ಪುಸ್ತಕ ಬಂತಾ' ಅಂತ ಕೇಳ್ತಿದಾಳೆ. ನೀನು ಅಲ್ಲೇ ಮನೆ ಮಾಡ್ಕೊಂಡ್ಯಾ?"

"ಹೂಂ," ಎಂದುಬಿಟ್ಟು, ನಾಲಗೆ ಕಚ್ಚಿಕೊಂಡು, ತಲೆಕೆಳಗಾದ ರಟ್ಟಿನ ಪುಸ್ತಕವನ್ನು ಎದೆಗವಚಿಕೊಂಡು ಅವಳು ಓಡಿದಳು. ಬಸ್ಸಿನಲ್ಲಿ ಕೂತದ್ದು ತಪ್ಪಾಯಿತು. ಇಳಿಯುವಾಗ ಸೀಟಿನ ಹೊದಿಕೆ ಅವಳನ್ನು ಬಿಡಲೊಲ್ಲದು. "ಅದು ನಮ್ಮದಮ್ಮ, ಬಿಟ್ಟು ಹೋಗಿ," ಎಂದ ಕಂಡಕ್ಟರು. ಹೂಂ ಎಂದು ಅವಳು ಕಿತ್ತುಕೊಂಡು ಇಳಿದಳು. ಅವಳ ಬಟ್ಟೆಯ ಒಂದು ಅಂಗೈಯಗಲ ಬಸ್ಸಿಗೇ ಉಳಿಯಿತು.

ಅಜ್ಜಿಯ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಮಾವ ಗಡಿಯಾರದ ಕೆಳಗೆ ಕೂತಿದ್ದ. ಅತ್ತೆ ಸೆರಗನ್ನು ಬಾಯಿಯ ಹತ್ತಿರವೇ ಇಟ್ಟುಕೊಂಡಿದ್ದಳು, ಬೇಕಾದಾಗ ಸಿಗಲಿ ಎಂದು. ಟೇಪು ವಾಪಸ್ಸು ಕೇಳಲು ಬಂದಿದ್ದ ಟೈಲರಮ್ಮನೂ ಕತೆಯ ಆಸೆಗೆ ಅಲ್ಲೇ ನೆಲಕ್ಕೆ ಕೂತಳು.

"ಎಲ್ಲಿಗೆ ಬಿಟ್ಟಿದ್ದೆ?" ಎಂದಳು ಅಜ್ಜಿ.

"ಬಾಗಿಲ ಮುಂದೆ ಬಂದಳು, ಕತ್ತಿ ಎತ್ತಿದಳು."

"ಓದು."

ಹೂಂಕಾರಿ ಓದತೊಡಗಿದಳು. ಕಪ್ಪು ಬಾಗಿಲ ಮೇಲೆ ಹಿಮ ಬೀಳುತ್ತಿತ್ತು. ಹುಡುಗಿಯ ಕೈ ನಡುಗಿತು.

"ಹೂಂ," ಎಂದಳು ಅಜ್ಜಿ. ಹೂಂ ತೆಳ್ಳಗಿತ್ತು, ಆದರೆ ಇತ್ತು.

ಗಾಳಿ ಅವಳ ಹೆಸರು ಹಿಡಿದು ಕೂಗಿತು. ಅವಳು ಗೂಬೆಯನ್ನು ನೆನೆದಳೋ ಅಪ್ಪನನ್ನು ನೆನೆದಳೋ ಅದೊಂದೂ ಅಲ್ಲಿರಲಿಲ್ಲ; ನಾನೀಗ ಏನು ಮಾಡಲಿ ಎಂದು ಮಾತ್ರ ಅಂದುಕೊಂಡಳು. ಕತ್ತಿ ಬಿತ್ತು. ಅವಳೂ ಬಿದ್ದಳು. ಹಿಮದೊಳಗಿಂದ ರಾಜಕುಮಾರ ಬಂದ. ಎಡಗೆನ್ನೆಯ ಗಾಯದ ಗುರುತು ಬೆಳದಿಂಗಳಲ್ಲಿ ಹೊಳೆಯುತ್ತಿತ್ತು.

ಹೂಂ ಬರಲಿಲ್ಲ.

ಹೂಂಕಾರಿ ಕಾದಳು. ಮಾವ ಎದ್ದು ನಿಂತ. ಅತ್ತೆ ಸೆರಗನ್ನು ಬಾಯಿಗೆ ಸೇರಿಸಿ ಮೊದಲ ಅಳುವಿನ ಅರ್ಧದಷ್ಟನ್ನು ಹೊರಗೆ ಬಿಟ್ಟಿದ್ದಳು.

"ಇರೇ, ಅಳಬೇಡ," ಎಂದಳು ಅಜ್ಜಿ ಕಣ್ಣು ಮುಚ್ಚಿಕೊಂಡೇ. "ಇದು ನಾನು ಆಗಲೇ ಕೇಳಿದ್ದು."

"ಅಮ್ಮ, ಆ ಹುಡುಗಿ ಯಾವಾಗ್ಲೂ ಹಾಗೇ ತಾನೆ ಮಾಡೋದು," ಎಂದ ಮಾವ. "ಅದಕ್ಕೇ ನಿಂಗೆ ಕೇಳಿದಂಗೆ ಅನ್ಸುತ್ತೆ. ಹೂಂ ಅನ್ನು, ಮುಗೀಲಿ."

"ಅವನ ಗಾಯ ಎಡಗೆನ್ನೆಗೆ ಹೇಗೆ ಬಂತು? ಮೂರನೇ ಪುಸ್ತಕದಲ್ಲೇ ಅದು ಬಲಗೆನ್ನೆಗೆ ಹೋಗಿತ್ತು. ಆ ಕತೇಲಿ ಬದಲಾದದ್ದು ಅಂತ ಇದ್ರೆ ಅದೊಂದೇ ಕಣೋ, ನಾನು ಮರೆಯೋದುಂಟಾ?"

ಹೂಂಕಾರಿ ಪುಟದ ನೆತ್ತಿ ನೋಡಿದಳು. ಅಲ್ಲಿ ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ ಸಂಪುಟ ಒಂದು ಎಂದಿತ್ತು. ಹಿಂದಿನ ಪುಟ ತಿರುಗಿಸಿದಳು. ಅದು ಸಂಪುಟ ಐದು. ಎರಡರ ನಡುವೆ ಹೊಲಿಗೆ ಅಚ್ಚುಕಟ್ಟಾಗಿತ್ತು, ವಾಕ್ಯವೂ ಅಷ್ಟೇ ಅಚ್ಚುಕಟ್ಟಾಗಿ ಕೂಡಿಕೊಂಡಿತ್ತು. ನಾಲ್ಕು ಸಂಪುಟಗಳ ಯುದ್ಧ, ಸಾವು, ಕಾಡು, ಕಡಲು ಎಲ್ಲವನ್ನೂ ದಾಟಿ ಬಂದ ಹುಡುಗಿ, ಹೊರಟ ದಿನದ ಹುಡುಗಿಯ ಪಕ್ಕ ನಿಂತರೆ ಒಂದು ದಾರದೆಳೆಯ ವ್ಯತ್ಯಾಸವೂ ಕಾಣುತ್ತಿರಲಿಲ್ಲ.

"ಫಾರಂ ತಪ್ಪಿ ಸೇರಿದೆ ಅಜ್ಜಿ," ಎಂದಳು. ಅವಳ ಕಣ್ಣು ತುಂಬಿತು.

ವಿಚಿತ್ರವೆಂದರೆ ಸಿಟ್ಟಿಗೆ ಅಜ್ಜಿಯ ಕೆನ್ನೆಗೆ ಬಣ್ಣ ಬಂದಿತ್ತು. "ಹಾಗಾದ್ರೆ ನಿಜವಾದ್ದು ತಗೊಂಡು ಬಾ. ಅಲ್ಲೀತಂಕ ನಾನಿರ್ತೀನಿ. ಇವನ ರಜೆ ಹಾಳಾದ್ರೆ ಹಾಳಾಗಲಿ."

ಬಸ್ಸಿನಲ್ಲಿ ಈ ಸಲ ಹೂಂಕಾರಿ ನಿಂತೇ ಇದ್ದಳು. ಅವಳ ಮುಂದೆ ಕೂತಿದ್ದ ಕಾಲೇಜು ಹುಡುಗಿಯೊಬ್ಬಳ ಕೈಯಲ್ಲಿ, ಅಂಗಡಿಯಿಂದ ಆಗತಾನೆ ಕೊಂಡ ಐದನೆಯ ಸಂಪುಟ. ಕೊನೆಯ ಪುಟ. ಕಣ್ಣೀರು ಮೂಗಿನ ತುದಿಯಿಂದ ಪುಸ್ತಕಕ್ಕೆ ತೊಟ್ಟಿಕ್ಕುತ್ತಿತ್ತು. ಹೂಂಕಾರಿ ಬಗ್ಗಿ ನೋಡಿದಳು. ಹಿಮ, ಕತ್ತಿ, ಬೆಳದಿಂಗಳು, ಎಡಗೆನ್ನೆ.

ಇನ್ನೂ ಬಗ್ಗಿ ಪುಟದ ನೆತ್ತಿ ನೋಡಿದಳು. ಸಂಪುಟ ಒಂದು.

"ಎಷ್ಟು ಚೆನ್ನಾಗಿ ಮುಗಿಸಿದಾರೆ ಗೊತ್ತಾ?" ಎಂದು ಆ ಹುಡುಗಿ ಪಕ್ಕದ ಗೆಳತಿಗೆ ಹೇಳಿದಳು. "ಏನೇ ಆದ್ರೂ ಅವಳು ಬದಲಾಗಲೇ ಇಲ್ಲ ಕಣೇ. ಅದೇ ಅವಳ ದೊಡ್ಡತನ."

"ನಂಗೆ ಬೇಜಾರಾಯ್ತಪ್ಪ," ಎಂದಳು ಗೆಳತಿ. "ಇಷ್ಟು ದಪ್ಪ ದಪ್ಪ ಪುಸ್ತಕ ಓದಿದ್ದು ಇದಕ್ಕಾ? ಮೊದಲನೇದ್ರಲ್ಲೂ ಹಿಂಗೇ ಇತ್ತು."

ಹಿಂಗೇ ಅಲ್ಲ, ಅದೇ, ಎಂದು ಹೂಂಕಾರಿಯ ನಾಲಗೆಯ ತುದಿಗೆ ಬಂತು. "ಅಲ್ವಾ ಅಕ್ಕ? ಬೇಜಾರಾಗಲ್ವಾ?" ಎಂದು ಗೆಳತಿ ಇವಳನ್ನೇ ಕೇಳಿದಳು. ಮೊದಲನೆಯವಳು "ಚೆನ್ನಾಗಿಲ್ವಾ ಅಕ್ಕ?" ಎಂದಳು. ಹೂಂಕಾರಿ ಇಬ್ಬರಿಗೂ ಹೂಂ ಎಂದು ಇಳಿದಳು.

ಅಂಗಡಿಯಲ್ಲಿ ಯಂತ್ರಗಳು ನಿಂತಿದ್ದವು. ಐದು ಸಂಪುಟಗಳನ್ನೂ ಒಟ್ಟಿಗೆ ಮಾರಲೆಂದು ಮೊದಲನೆಯದನ್ನು ಮತ್ತೆ ಮುದ್ರಿಸಿದ್ದರು. ಮಧ್ಯಾಹ್ನ ಅದನ್ನು ಜೋಡಿಸಲು ಕೂತಾಗ ಅದರ ಕೊನೆಯ ಫಾರಮ್ಮಿನ ರಾಶಿಯೇ ಮಾಯವಾಗಿತ್ತು. ಅದು ಇರಬೇಕಾದ ಹಲಗೆಯ ಪಕ್ಕದಲ್ಲಿ, ಸುತ್ತಿದ ಕಾಗದ ಕೂಡ ಬಿಚ್ಚದೆ, ಐದನೆಯ ಸಂಪುಟದ ಕೊನೆಯ ಫಾರಮ್ಮು ಇಡಿಯಾಗಿ ಕೂತಿತ್ತು. ಮೇಸ್ತ್ರಿ ಅದರ ಮುಂದೆ, ತಿಥಿ ಮರೆತವನಂತೆ ನಿಂತಿದ್ದ.

"ನಾನು ನಿನಗೆ ಯಾವ ರಾಶಿ ತಗೋ ಅಂದಿದ್ದೆ?" ಎಂದು ಕೇಳಿದ.

ಐದನೆಯದನ್ನು ಜೋಡಿಸಿದ ದಿನ ಅವನು ಅಂದಿರಲಿಲ್ಲ, ಗದ್ದದಿಂದ ತೋರಿಸಿದ್ದ. ಗದ್ದದ ನೇರಕ್ಕೆ ಎರಡು ರಾಶಿಗಳಿದ್ದವು, ಒಂದು ಕಾಗದ ಸುತ್ತಿದ್ದು, ಒಂದು ಬಿಚ್ಚಿದ್ದು. ಯಾವುದು ಎಂದು ಕೇಳಬಹುದಿತ್ತು. ಅಜ್ಜಿಯ ಪಕ್ಕದಲ್ಲಿ ನಿದ್ದೆಗೆಟ್ಟು ಬಂದಿದ್ದ ಹೂಂಕಾರಿ ಹೂಂ ಎಂದು, ಬಿಚ್ಚಿದ್ದ ರಾಶಿಯನ್ನು ಎಳೆದುಕೊಂಡು ಮೇಜಿನ ಸುತ್ತ ನಡೆಯುತ್ತ ಜೋಡಿಸಿದ್ದಳು. ಜೋಡಿಸುವವರು ಅಕ್ಷರ ನೋಡುವುದಿಲ್ಲ. ಪ್ರತಿ ಫಾರಮ್ಮಿನ ಬೆನ್ನಿನ ಮೇಲೆ ಒಂದು ಕಪ್ಪು ಗುರುತಿರುತ್ತದೆ, ಒಂದಕ್ಕಿಂತ ಒಂದು ಸ್ವಲ್ಪ ಕೆಳಗೆ. ಪುಸ್ತಕ ಸರಿಯಾಗಿ ಕೂಡಿದರೆ ಬೆನ್ನ ಮೇಲೆ ಮೆಟ್ಟಿಲು ಮೂಡುತ್ತದೆ. ಮೊದಲನೆಯ ಸಂಪುಟದಲ್ಲೂ ಐದನೆಯದರಲ್ಲೂ ಫಾರಮ್ಮುಗಳ ಲೆಕ್ಕ ಒಂದೇ. ಮೆಟ್ಟಿಲು ಸರಿಯಾಗಿಯೇ ಮೂಡಿತ್ತು.

"ಇಡೀ ಊರಿಗೆ ಹೋಗಿದೆ," ಎಂದಳು ಹೊಲಿಗೆಯಕ್ಕ, ಕೆನ್ನೆಗೆ ಕೈಯಿಟ್ಟು.

"ಒಬ್ರಾದ್ರೂ ಫೋನ್ ಮಾಡಿದಾರಾ?" ಎಂದ ಕತ್ತರಿಸುವ ಅಣ್ಣ.

"ಮಾಡಿದಾರೆ," ಎಂದ ಮೇಸ್ತ್ರಿ. "ಇನ್ನಷ್ಟು ಪ್ರತಿ ಬೇಕಂತೆ."

ಆಮೇಲೆ ಮೇಸ್ತ್ರಿಯ ಗದ್ದ ನಿಧಾನವಾಗಿ ಮೇಲೆದ್ದಿತು, ಮೊದಲನೆಯ ಸಂಪುಟದ ಅರ್ಧ ಜೋಡಿಸಿದ ಕಟ್ಟುಗಳನ್ನು ತೋರಿಸಿತು. ಅಲ್ಲಿಂದ ಕಾಗದ ಸುತ್ತಿದ ರಾಶಿಯನ್ನು ತೋರಿಸಿತು.

"ಲೆಕ್ಕ ಸರಿಯಾಗಿದೆ. ಸೇರಿಸಿಬಿಡಿ."

"ಏನಂತೀರಿ ಮೇಸ್ತ್ರಿ? ಐದನೇದರ ಅಂತ್ಯನ ಮೊದಲನೇದಕ್ಕಾ?"

"ಐದನೇದಕ್ಕೆ ಮೊದಲನೇದ್ದು ಹೊಂದಿತಲ್ಲ. ಇದಕ್ಕೆ ಅದು ಹೊಂದದೆ ಇರುತ್ತಾ? ಹುಡುಗಿ ಅದೇ, ಬಾಗಿಲು ಅದೇ." ಅವನು ಹೂಂಕಾರಿಯ ಕಡೆ ತಿರುಗಿದ. "ನೋಡು, ಯಾರಿಗೂ ಗೊತ್ತಾಗಲ್ಲ. ಗೊತ್ತಾಗಿ ಯಜಮಾನ್ರು ಕೇಳಿದ್ರೆ, ಮಾಡಿದ್ದು ನೀನೊಬ್ಳೇ. ನಾನು ತೋರಿಸಿದ್ದೇ ಬೇರೆ ರಾಶಿ. ಹಾಗೆ ಹೇಳ್ತೀಯ ತಾನೆ?"

ಹೂಂಕಾರಿಯ ಬಾಯಿ ತೆರೆಯಿತು. ಅಜ್ಜಿಯ ಮುಖ ಕಣ್ಣೆದುರು ಬಂತು. ಆ ಮಾತಿನ ಮೊದಲ ಅಕ್ಷರ ಹಲ್ಲಿನ ಹಿಂದೆ ಬಂದು ರೆಕ್ಕೆ ಬಡಿಯಿತು.

"ಹೂಂ," ಎಂದಳು. "ನನಗೊಂದು ಫಾರಂ ಕೊಡಿ, ಅಜ್ಜಿಗೆ."

ರಾಶಿಯ ಮೇಲಿನದೊಂದನ್ನು ಮೇಸ್ತ್ರಿ ಗೋಂದಿನ ಬೆರಳಲ್ಲೇ ಎಳೆದು ಕೊಟ್ಟ. "ಬೇಗ ಬಾ, ಉಳಿದಿದ್ದು ಜೋಡಿಸೋದು ನೀನೇ."

ಬಸ್ಸಿನಲ್ಲಿ ಅವಳು ಹಾಳೆಯ ಮಡಿಕೆಯನ್ನು ಉಗುರಿನಿಂದ ಬಿಡಿಸಿ ಓದಿದಳು. ಹುಡುಗಿಯ ಕೈ ಇಲ್ಲೂ ನಡುಗಿತು. ಕತ್ತಿ ಇಲ್ಲೂ ಬಿತ್ತು. ಆದರೆ ಅವಳು ಬೀಳಲಿಲ್ಲ. ರಾಜಕುಮಾರ ಬಂದು ತೋಳು ಚಾಚಿದಾಗ ಅವನ ಮುಖ ನೋಡಿ, ಬೇಡ, ನೀನು ಮನೆಗೆ ಹೋಗು, ಎಂದಳು. ಬರಿಗೈಯನ್ನು ಬಾಗಿಲಿಗೆ ಒಡ್ಡಿದಳು. ನಾಲ್ಕು ಸಂಪುಟಗಳುದ್ದಕ್ಕೂ ಅವಳನ್ನು ಒದ್ದೆ ಬಟ್ಟೆಯಂತೆ ಹಿಂಡಿ ಹಾಕಿದ ಲೇಖಕಿ, ಕಡೆಗೂ ಕೊನೆಯ ಹಾಳೆಯಲ್ಲಿ ಅವಳಿಗೆ ಬೆನ್ನುಮೂಳೆ ಕೊಟ್ಟಿದ್ದಳು. ಅದನ್ನು ಊರಿನ ಒಬ್ಬರೂ ಓದಿರಲಿಲ್ಲ, ಇನ್ನು ಓದುವುದೂ ಇರಲಿಲ್ಲ. ಓದಿದರೆ ಮೊದಲನೆಯ ಸಂಪುಟದಲ್ಲಿ ಓದಬೇಕು. ಒಮ್ಮೆ ಬಾಗಿಲು ತೆರೆದ ಹುಡುಗಿ ಆಮೇಲೆ ನಾಲ್ಕು ಸಂಪುಟ ಅಳುತ್ತಾ ಕೂರುವುದನ್ನು ಕಂಡು ತಲೆ ಕೆರೆದುಕೊಳ್ಳಬೇಕು.

ಮನೆಗೆ ಬಂದಾಗ ಸಂಜೆಯ ಬಿಸಿಲು ಅಜ್ಜಿಯ ಕಾಲ ಬಳಿ ಬಿದ್ದಿತ್ತು. ಕೆನ್ನೆಯ ಬಣ್ಣ ಹೋಗಿತ್ತು. ಮಾವನೂ ಅತ್ತೆಯೂ ಹೊರಗಿನ ಕೋಣೆಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದರು. ಇನ್ನೊಂದು ಸಲ ಕತೆ ಕೇಳುವ ತಾಳ್ಮೆ ಅವರಿಗಿರಲಿಲ್ಲ.

"ಬಂತಾ?" ಎಂದಳು ಅಜ್ಜಿ. ದನಿ ಎಲ್ಲೋ ದೂರದ ಬಾವಿಯಿಂದ ಬಂದಂತಿತ್ತು.

"ಹೂಂ."

"ತೆಗೀತಾಳಾ?"

"ಕೇಳು," ಎಂದಳು ಹೂಂಕಾರಿ.

ಅವಳು ನಿಧಾನವಾಗಿ ಓದಿದಳು, ಹಿಂದೆ ಅಜ್ಜಿ ಕತೆ ಹೇಳುತ್ತಿದ್ದ ಹಾಗೆ, ಹೂಂಗೆ ಜಾಗ ಬಿಟ್ಟು ಬಿಟ್ಟು. ಹಿಮ ಬಿತ್ತು. ಹೂಂ. ಕೈ ನಡುಗಿತು. ಹೂಂ. ಕತ್ತಿ ಬಿತ್ತು. ಈ ಹೂಂಗೆ ಸ್ವಲ್ಪ ತಡವಾಯಿತು, ಅಜ್ಜಿಯ ಹುಬ್ಬು ಗಂಟಿಕ್ಕಿತು. ಆದರೆ ಹುಡುಗಿ ಬೀಳಲಿಲ್ಲ. "ಹೂಂ?" ಎಂದಳು ಅಜ್ಜಿ. ರಾಜಕುಮಾರ ಬಂದ. ಅವನ ಬಲಗೆನ್ನೆಯ ಮೇಲೆ ಗಾಯದ ಗುರುತಿತ್ತು. ಅಜ್ಜಿಯ ತುಟಿಯ ಮೂಲೆ ಸ್ವಲ್ಪ ಅಲುಗಿತು. ಬೇಡ, ನೀನು ಮನೆಗೆ ಹೋಗು, ಎಂದಳು ಹುಡುಗಿ.

"ಹೂಂ," ಎಂದಳು ಅಜ್ಜಿ. ಅಷ್ಟು ತುಂಬಿದ ಹೂಂ ಆ ಕೋಣೆಯಲ್ಲಿ ಬಹಳ ಕಾಲದಿಂದ ಕೇಳಿರಲಿಲ್ಲ. "ಈಗ ನೋಡು. ಎಷ್ಟು ಹೊತ್ತು ಬೇಕಾಯ್ತು ಈ ಹುಡುಗಿಗೆ." ಆಮೇಲೆ ಪೊರೆಗಣ್ಣು ತೆರೆದು, ಹೂಂಕಾರಿಯ ಮುಖವಿರಬೇಕಾದ ಕಡೆ ನೋಡಿದಳು. "ನಿಂದೊಂದು ಬಾಕಿ ಇದೆ."

"ಹೂಂ," ಎಂದಳು ಹೂಂಕಾರಿ. "ಮೊದಲು ಇದು ಮುಗೀಲಿ ಅಜ್ಜಿ." ಮತ್ತೆ ಓದಿದಳು. ಹುಡುಗಿ ಬರಿಗೈಯನ್ನು ಬಾಗಿಲಿಗೆ ಒಡ್ಡಿದಳು. ಬಾಗಿಲು ತಣ್ಣಗಿತ್ತು. ಅವಳು ನೂಕಿದಳು.

ಹೂಂ ಬರಲಿಲ್ಲ.

ಹೂಂಕಾರಿ ಕಾದಳು. ಕಾನೂನಿನ ಪ್ರಕಾರ ಕತೆ ಅಲ್ಲಿಗೇ ನಿಲ್ಲಬೇಕು. ಹುಡುಗಿ ಬಾಗಿಲಿಗೆ ಕೈಯೊಡ್ಡಿಕೊಂಡು ನಿಂತೇ ಇರಬೇಕು. ಬಿಸಿಲು ಅಜ್ಜಿಯ ಕಾಲಿನಿಂದ ಜಾರಿ ನೆಲಕ್ಕಿಳಿಯಿತು. ಈ ಸಲ ಇರೇ ಎಂದು ಯಾರೂ ಹೇಳಲಿಲ್ಲ. ಕೊಟ್ಟ ಮಾತು ಕೊನೆಯ ಸಾಲಿನವರೆಗೆ ಎಂದಿತ್ತು. ಅವಳು ಅಜ್ಜಿಯ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಹೂಂಗೆ ಬಿಡುತ್ತಿದ್ದ ಜಾಗಗಳನ್ನು ಬಿಡುತ್ತಲೇ, ಉಳಿದ ಪುಟಗಳನ್ನು ಓದಿ ಮುಗಿಸಿದಳು. ಬಾಗಿಲು ತೆರೆಯಿತು. ಆಚೆಗೆ ಬೆಳಗಾಗುತ್ತಿತ್ತು. ಹುಡುಗಿ ಹಿಂತಿರುಗಿ ನೋಡದೆ ಹೊಸಿಲು ದಾಟಿದಳು. ಅಷ್ಟೇ ಇತ್ತು.

ದನಿ ನಿಂತದ್ದನ್ನು ಕೇಳಿ ಮಾವ ಬಾಗಿಲಿಗೆ ಬಂದ, ಕೈಯಲ್ಲಿ ಹಗ್ಗದ ಉಂಡೆ.

"ಮುಗೀತಾ ಪುಸ್ತಕ?"

"ಹೂಂ."

"ಸದ್ಯ. ಅಂದ್ರೆ ನಾಳೆ ನೀನೂ ನಮ್ಮ ಜೊತೆ ಹೊರಡೋದು ತಾನೆ? ಅತ್ತೆ ನಿನ್ನ ಬಟ್ಟೆ ಕಟ್ತಿದಾಳೆ."

ಈಗ ಎಂದುಕೊಂಡಳು ಹೂಂಕಾರಿ. ಬಾಗಿಲು ಎದುರಿಗೇ ಇತ್ತು. ಕೈ ನಡುಗಿತು. ಅವನ ಮುಖ ನೋಡಿದಳು, ಅವನ ಕೈಯ ಹಗ್ಗ ನೋಡಿದಳು, ಬಾಯಿ ತೆರೆದಳು.

"ಹೂಂ," ಎಂದಳು.

ಮಾವ ತಲೆಯಾಡಿಸಿ ಪೆಟ್ಟಿಗೆಯ ಕಡೆ ಹೋದ. ಅವನು ಕೇಳಿದ್ದು ಅಷ್ಟೇ. ಬೇರೇನನ್ನೂ ಕೇಳಲಿಲ್ಲ, ಕೇಳದ್ದಕ್ಕೆ ಉತ್ತರ ಕೊಟ್ಟು ಅವಳಿಗೆ ಅಭ್ಯಾಸವಿರಲಿಲ್ಲ.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಟೈಲರಮ್ಮ ಟೇಪಿಗೆ ಬಂದಿದ್ದಳು. ಟೇಪು ಇಸಿದುಕೊಂಡು, ಅದನ್ನು ಕೊರಳಿಗೆ ಹಾಕಿಕೊಂಡು, ಕೋಣೆಯೊಳಗೆ ಇಣುಕಿ, ದಿನವೂ ಕೇಳುವ ಪ್ರಶ್ನೆಯನ್ನು ದಿನವೂ ಕೇಳುವ ದನಿಯಲ್ಲಿ ಕೇಳಿದಳು.

"ಅಜ್ಜಿ ಇದಾರೇನೇ?"

ಹಿಂಬದಿಯ ಮೆಟ್ಟಿಲಿಳಿದು ಓಡಿಹೋಗಿ ತರುವಂಥದ್ದಲ್ಲ ಅದು. ಹೂಂಕಾರಿ ಅಜ್ಜಿಯ ಕೈಯನ್ನು ಮಡಿಲಿನಿಂದೆತ್ತಿ ಹಾಸಿಗೆಯ ಮೇಲೆ ಮೆತ್ತಗೆ ಇಟ್ಟಳು.

"ಇಲ್ಲ," ಎಂದಳು.